ಮೆರವಣಿಗೆ ಗಾಡಿಯ ವಿಷಯ, ನೀಲಕ್ಕನಿಗೆ

ನೀಲಕ್ಕಾ,

ಅತ್ತೆಯ ಎದುರು ನಿನ್ನನ್ನು ‘ಅಕ್ಕಾರ’ ಅನ್ನುತ್ತಿದ್ದೆ, ‘ನೀವು’ ಅನ್ನುತ್ತಿದ್ದೆ. ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದರೆ ಸಾಕು, ‘ನೀನು’ ತಾನಾಗಿ ಬಂದುಬಿಡುತ್ತಿತ್ತು. ಈಗ ಈ ಬೆಟಗೇರಿ ಮನೆಯಲ್ಲಿ ಇರುವವಳು ನಾನೊಬ್ಬಳೇ, ‘ನೀವು’ ಅಂದು ಯಾರಿಗೆ ತೋರಿಸಲಿ? ನೀನು ಅಂತಲೇ ಬರೆಯುತ್ತೇನೆ. ಎರಡು ಜುಟ್ಟು ಕೂಡಬಹುದು, ಎರಡು ಜಡೆ ಕೂಡುವುದಿಲ್ಲ ಅನ್ನುತ್ತಾರೆ. ಅಣ್ಣನ ಹೆಂಡತಿ ನೀನು, ತಮ್ಮನ ಹೆಂಡತಿ ನಾನು, ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕೂಡಿಯೇ ಇದ್ದೆವು. ಕೆಡಿಸಿದವಳು ನಾನು. ಹೇಗೆ ಕೆಡಿಸಿದೆ ಅನ್ನುವುದು ನಿನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅದನ್ನು ಹೇಳಬೇಕು. ಅರ್ಧಕ್ಕೇ ಎದ್ದು ಹೋಗಬೇಡ.

ಮೊದಲು ಸುದ್ದಿ ಕೇಳು. ಲಕ್ಷ್ಮೇಶ್ವರದ ಆ ಗಾಡಿ ಈಗ ನನ್ನ ಅಂಗಳದಲ್ಲಿದೆ. ಅದೇ, ಮದುವೆಯ ಮೆರವಣಿಗೆಯಲ್ಲಿ ಮದುಮಗನನ್ನು ಕೂರಿಸಿಕೊಂಡು ಬರುತ್ತಿದ್ದ ಟಾಪಿಲ್ಲದ ವಿಲಾಯತಿ ಕಾರು. ನೀನು ಹೋಗಿ ಆರು ವರ್ಷ, ನಿನ್ನ ಮೈದುನ ಹೋಗಿ ಮೂರು ವರ್ಷ. ಮಗಳು ಸೊಲ್ಲಾಪುರದಿಂದ ಫೋನಿನಲ್ಲಿ, “ಅವ್ವಾ, ಈ ವಯಸ್ಸಿನ್ಯಾಗ ಇದೇನ ಹುಚ್ಚು?” ಅಂದಳು. ನಾನು ಏನು ಹೇಳಲಿ? ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಆ ಎಳ್ಳಮವಾಸ್ಯೆ ನಿನಗೆ ನೆನಪಿದೆಯೇ? ನಾನು ಮದುವೆಯಾಗಿ ಬಂದ ಮೊದಲ ವರ್ಷ. ಅಸುಂಡಿಯ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುಟ್ಟಿಗಳು, ಮೊಸರನ್ನದ ಗಡಿಗೆ, ಎಂಟು ಜನ ಹೆಂಗಸರು, ಎಲ್ಲ ಆ ಹಳೆಯ ಜೀಪಿನಲ್ಲಿ. ಹತ್ತಿ ಅಂಡಿಗೆ ಹೇರಲು ಅನುಕೂಲವಾಗಲಿ ಅಂತ ಮಾವ ಅದರ ಟಾಪು ಕಿತ್ತಿಸಿ ಮೂಲೆಗೆ ಹಾಕಿದ್ದರು. ಬೆಳೆಗೆ ಎಡೆ ಚೆಲ್ಲಿ, ಊಟ ಮುಗಿಸಿ, ಗಂಡಸರು ಬಂಡಿ ಹೂಡಿಕೊಂಡು ಮುಂದೆ ಹೋದ ಮೇಲೆ ಜೀಪಿನ ಡ್ರೈವರನಿಗೆ ಚೇಳು ಕಡಿಯಿತು. ಆತ ಕಾಲು ಹಿಡಿದುಕೊಂಡು ಎರೆ ಮಣ್ಣಿನಲ್ಲಿ ಹೊರಳಾಡುತ್ತಿದ್ದ. ಅತ್ತೆ ಸುತ್ತಲೂ ನೋಡಿದರು. ಅಷ್ಟು ದೂರದ ಹೊಲದಲ್ಲಿ ಇನ್ನೊಬ್ಬ ಗಂಡಸಿರಲಿಲ್ಲ.

“ನನಗ ಹೊಡ್ಯಾಕ ಬರ್ತೈತ್ರಿ ಅತ್ತಿ,” ಅಂದೆ ನೀನು, ನೆಲ ನೋಡುತ್ತ.

“ಯಾರ ಕಲಿಸಿದ್ರು ನಿನಗ?”

“ಶಿರಹಟ್ಟ್ಯಾಗ ನಮ್ಮಣ್ಣ. ಮದಿವಿಗೆ ಮೊದ್ಲು.”

ಅತ್ತೆ ಡ್ರೈವರನನ್ನು ಹಿಂದೆ ಮಲಗಿಸಿ ತಾವು ಅವನ ತಲೆಯ ಹತ್ತಿರ ಕುಳಿತರು. ನೀನು ಸ್ಟೇರಿಂಗ್ ಹಿಡಿದೆ, ನಾನು ನಿನ್ನ ಪಕ್ಕ. ಜೀಪು ಹೊಲದ ದಾರಿ ಬಿಟ್ಟು ಡಾಂಬರು ರಸ್ತೆಗೆ ಬಂದಾಗ ಗಾಳಿ ನಮ್ಮಿಬ್ಬರ ತಲೆಯ ಮೇಲಿನ ಸೆರಗನ್ನು ಎತ್ತಿ ಒಗೆಯಿತು. ಮದುವೆಯಾದಾಗಿನಿಂದ ಮನೆಯ ಹೊಸ್ತಿಲಾಚೆ ನನ್ನ ಕಿವಿಗೆ ಗಾಳಿ ತಾಗಿದ್ದು ಅದೇ ಮೊದಲು. ನೀನು ಸೆರಗು ಸರಿಮಾಡಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ. ನನ್ನ ಕೈ ಖಾಲಿಯಿತ್ತು, ಆದರೂ ನಾನು ಸರಿಮಾಡಿಕೊಳ್ಳಲಿಲ್ಲ. ಊರಿನ ಮೊದಲ ಮನೆಗಳು ಕಂಡಾಗ ಹಿಂದಿನಿಂದ ಅತ್ತೆಯ ದನಿ ಬಂತು, “ನೀಲವ್ವಾ, ಗಾಡಿ ಸಾವಕಾಶ ಮಾಡು. ಇಬ್ಬರೂ ಸೆರಗ ಹೊದ್ಕೊಳ್ರಿ. ಊರು ಬಂತು.”

ಆಮೇಲಿನ ವರ್ಷಗಳಲ್ಲಿ ಅತ್ತೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊಲದಿಂದ ಹೊರಡುವಾಗ, ಗಂಡಸರು ಹತ್ತಿರ ಇಲ್ಲದಿದ್ದರೆ, “ಡ್ರೈವರಗ ದಣಿವಾದಂಗ ಕಾಣ್ತೈತಿ ನೋಡ್ವಾ,” ಅನ್ನುತ್ತಿದ್ದರು. ಅಷ್ಟೇ ಅಪ್ಪಣೆ. ಪಾಪ, ಆ ಡ್ರೈವರ್ ದಣಿಯದೇ ದಣಿದವನಂತೆ ಹಿಂದೆ ಹೋಗಿ ಕೂರುತ್ತಿದ್ದ. ನನಗೆ ಗಾಡಿ ಕಲಿಸಿದ್ದೂ ಅದೇ ದಾರಿಯಲ್ಲಿ ನೀನೇ. “ಕ್ಲಚ್ ಅಂದ್ರ ಅತ್ತಿ ಇದ್ದಂಗ ಗಿರಿಜಾ, ಒಮ್ಮೆಲೆ ಕಾಲು ತಗೀಬಾರದು, ಸಾವಕಾಶ ಬಿಡಬೇಕು,” ಅಂತ ನೀನು ಪಿಸುಗುಟ್ಟಿದ್ದಕ್ಕೆ ನಾನು ನಕ್ಕು ಜೀಪನ್ನು ಕಡಲೆ ಹೊಲಕ್ಕೆ ಇಳಿಸಿಬಿಟ್ಟಿದ್ದೆ. ಅತ್ತೆ ಹಿಂದಿನಿಂದ ಏನಂದರು? “ಏನ ನಗತೀರಿ, ನನಗೂ ಹೇಳ್ರೆವಾ,” ಅಂದರು. ಹೇಳುವಂಥದೇ ಅದು?

ಲಕ್ಷ್ಮೇಶ್ವರದ ಆ ಮದುವೆಯ ದಿನಕ್ಕೆ ಬರುತ್ತೇನೆ. ಅಷ್ಟು ಹೊತ್ತಿಗೆ ಅತ್ತೆ-ಮಾವ ಇರಲಿಲ್ಲ, ಜೀಪು ಗುಜರಿಗೆ ಹೋಗಿತ್ತು, ನೀವು ಗದಗಿನಲ್ಲಿ ಬೇರೆ ಮನೆ ಮಾಡಿದ್ದಿರಿ. ಭಾವನವರು ಹೋಗಿ ವರ್ಷವಾಗಿತ್ತು. ನೀನು ಹಿರೇಹಂದಿಗೋಳದ ಹೊಲಕ್ಕೆ ನಿನ್ನ ಸಣ್ಣ ಕಾರನ್ನು ನೀನೇ ಹೊಡೆದುಕೊಂಡು ಹೋಗುತ್ತಿದ್ದೆ. ಆ ಮದುವೆಯಲ್ಲಿ ಬ್ಯಾಂಡಿನವರ ಹಿಂದೆ ಆ ಗಾಡಿ ಬಂತು. ಮೈತುಂಬ ಬಂಗಾರದ ಬಣ್ಣ, ಹಿಂದಿನ ಸೀಟಿನ ಮೇಲೆ ಕಟ್ಟಿಗೆಯ ಸಿಂಹಾಸನ, ಅದರ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದ ಮದುಮಗ. ಎಲ್ಲರೂ ಮದುಮಗನನ್ನು ನೋಡಿದರು, ನೀನು ಗಾಡಿಯನ್ನು ನೋಡಿದೆ. “ಓಡೂ ಗಾಡಿ ಅದು ಗಿರಿಜಾ. ನೋಡು, ನಡಸಾಕತ್ತಾರ,” ಅಂದೆ. ಊಟಕ್ಕೂ ಬರದೆ ಅದರ ಮಾಲೀಕನನ್ನು ಹುಡುಕಿಕೊಂಡು ಹೋಗಿ ಕೊಡುತ್ತೀಯೇನು ಅಂತ ಕೇಳಿಯೇ ಬಂದೆ. ತಿರುಗಿ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. “ಇಬ್ಬರೂ ಕೂಡಿ ತಗೊಳ್ಳೂಣು. ಬಣ್ಣ ತಗಸೂಣು. ವಾರಕ್ಕೊಮ್ಮೆ, ಯಾವ ಕೆಲಸಾನೂ ಇಲ್ದ, ಸುಮ್ಮನ ಹೊಡ್ಕೊಂಡ ಹೋಗಿ ಬರೂದು. ಯಾರ ಕೇಳ್ತಾರ ಈಗ ನಮ್ಮನ್ನ?” ನಾನು ‘ನೋಡೂಣು’ ಅಂದೆ. ನನ್ನ ‘ನೋಡೂಣು’ ಏನು ಅಂತ ನಿನಗೆ ಗೊತ್ತಾಗಬೇಕಿತ್ತು ಅಕ್ಕಾ.

ಈಗ ಆ ಮಾತು. ಆ ವಾರವೇ ನಾನು ನಿನ್ನ ಮಗ ಮಲ್ಲುವಿನ ದಲಾಲಿ ಅಂಗಡಿಗೆ ಹೋದೆ. ನಿನಗೆ ಹೇಳದೆ ಹೋದೆ. ನನ್ನ ಮಗಳಿಗೆ ಮುಂಡರಗಿಯಿಂದ ಒಂದು ಸಂಬಂಧ ಬಂದಿತ್ತಲ್ಲ, ದೊಡ್ಡ ಮನೆತನ, ಹಳೇ ರೀತಿಯವರು. ನನಗೆ ರಾತ್ರಿಯೆಲ್ಲ ಅದೇ ಚಿಂತೆ, ಗಂಡ ಹೋದ ಹೆಂಗಸು ಬೋಳು ಗಾಡಿಯಲ್ಲಿ ಊರು ತಿರುಗಿದರೆ, ಪಕ್ಕದಲ್ಲಿ ಹುಡುಗಿಯ ತಾಯಿಯೂ ಕೂತಿದ್ದರೆ, ಬೀಗರು ಏನು ತಿಳಿದುಕೊಂಡಾರು? ನಿನ್ನ ಎದುರು ನಿಂತು ‘ನಾ ಬರೂದಿಲ್ಲ’ ಅನ್ನುವ ಧೈರ್ಯ ನನಗೆ ಇರಲಿಲ್ಲ. ಅದಕ್ಕೇ ಮಲ್ಲುವಿಗೆ ಹೇಳಿದೆ. “ಅಪ್ಪ ಹೋದ ಮ್ಯಾಲ ನಿಮ್ಮವ್ವನ ತಲಿ ಒಂದ ಕಡೆ ಇಲ್ಲಪಾ. ಮದಿವಿ ಗಾಡಿ ತರತೇನಿ ಅನ್ನಾಕತ್ತಾಳ. ಈಗ ಹೊಲಕ್ಕ ಒಬ್ಬಾಕಿನ ಗಾಡಿ ಹೊಡ್ಕೊಂಡ ಹೋಗೂದೂ ನನಗ ಅಂಜಿಕಿ. ನಾಳೆ ಏನರ ಆದ್ರ? ನೀ ತಡಿ. ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ.” ಆತ ತಕ್ಕಡಿಯ ಮುಂದೆ ನಿಂತವನು ತೂಕದ ಕಲ್ಲುಗಳನ್ನು ಒಂದೊಂದಾಗಿ ಕೆಳಗಿಟ್ಟ. ಆಮೇಲೆ, “ಹೂಂ ಚಿಗವ್ವ,” ಅಂದ.

ನಾನು ಆ ಮೆರವಣಿಗೆ ಗಾಡಿಯೊಂದನ್ನು ತಡೆಯಲಿ ಅಂತ ಹೇಳಿದ್ದೆ. ಮಲ್ಲು ನಿನ್ನ ಕೈಯಿಂದ ಸಣ್ಣ ಕಾರಿನ ಚಾವಿಯನ್ನೂ ತೆಗೆದುಕೊಂಡ. ಹೆದರಿಸಿದವಳು ನಾನೇ ತಾನೆ? ತಾಯಿಯ ಮೇಲಿನ ಕಕ್ಕುಲಾತಿಗೆ ಆತ ಒಂದು ಹೆಜ್ಜೆ ಹೆಚ್ಚೇ ಹಾಕಿದ. ಡ್ರೈವರನನ್ನು ಇಟ್ಟ. ನಿನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ. ಇನ್ನು ಆ ಮುಂಡರಗಿ ಸಂಬಂಧವೇನಾಯಿತು, ಹುಡುಗ ಆಗಲೇ ಬೇರೆ ಕಡೆ ಮನಸ್ಸಿಟ್ಟಿದ್ದನಂತೆ, ಮಾತು ಎರಡನೇ ಸಲ ಮುಂದೆ ಬರಲೇ ಇಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಒಂದು ಮಧ್ಯಾಹ್ನ ನೀನು ನಮ್ಮ ಮನೆಗೆ ಬಂದದ್ದು ನೆನಪಿದೆ. ಕಾರಿನ ಹಿಂದಿನ ಬಾಗಿಲು ತೆರೆದು ಇಳಿದೆ. ನಾನು ಚಹಾ ಸೋಸುತ್ತಿದ್ದೆ. “ಮಲ್ಲೂನ ಕಿವಿ ಯಾರ ಊದ್ಯಾರೋ ಏನೋ ಗಿರಿಜಾ, ಅಂವಾ ಹಂಗಿದ್ದಾಂವ ಅಲ್ಲ,” ಅಂದೆ. ನಾನು ಕಪ್ಪಿನಿಂದ ಕಣ್ಣೆತ್ತಲಿಲ್ಲ. “ಯಾರ ಊದತಾರ, ಅವನಿಗೇ ಅಂಜಿಕಿ ಆಗಿರಬೇಕು,” ಅಂದೆ. ನೀನು ನಂಬಿದೆ. ನನ್ನ ಮೇಲೆ ಸಂಶಯ ಬರಲಿಕ್ಕೆ ನಿನಗೆ ಕಾರಣವೇ ಇರಲಿಲ್ಲವಲ್ಲ. ಚಹಾ ಕುಡಿದು, ಸಕ್ಕರೆ ಕಡಿಮೆಯಾಗಿದೆ ಅಂತ ಬೈದು, ಮತ್ತೆ ಹಿಂದಿನ ಸೀಟಿನಲ್ಲಿ ಕೂತು ಹೋದೆ.

ಅದಾದ ಮೇಲೆ ನಾನು ನಿಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದೆ. ನನಗೆ ಮಂಡಿನೋವು ಅಂತ ನಿನಗೆ ಹೇಳುತ್ತಿದ್ದೆ. ನೀನು ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ್ದಾಗ ಎರಡು ಸಲ ಬಂದೆ, ಎರಡು ಸಲವೂ ಬಾಗಿಲ ಬಳಿಯ ಕುರ್ಚಿಯಲ್ಲೇ ಕುಳಿತೆ. ಮೂರನೆಯ ಸಲ ಬರಬೇಕು ಅನ್ನುವಷ್ಟರಲ್ಲಿ... ಮಣ್ಣು ಕೊಡುವ ದಿನ ನಿನ್ನನ್ನು ಹೂವಿನ ವಿಮಾನದಲ್ಲಿ ಕೂರಿಸಿ, ಭಜನೆಯವರ ಹಿಂದೆ ಊರ ನಡುವೆ ಕರೆದೊಯ್ದರು. ತಲೆಯ ಮೇಲೆ ಸೆರಗನ್ನು ಸರಿಯಾಗಿ ಹೊದಿಸಿದ್ದರು. ಆ ಜೀಪು ಹೋದ ಮೇಲೆ ಟಾಪಿಲ್ಲದೆ ನೀನು ಊರೊಳಗೆ ಹೋದದ್ದು ಅದೊಂದೇ ಸಲ. ಹಾಗೆ ಅನ್ನಿಸಿ ನನಗೆ ಆ ಜನರ ನಡುವೆ ನಗು ಬಂತು, ಆ ನಗುವಿಗೆ ಅಂಜಿ ಅತ್ತುಬಿಟ್ಟೆ. ಸುತ್ತಲಿನವರು ನೆಗೆಣ್ಣಿಯ ಮೇಲೆ ಎಷ್ಟು ಜೀವ ನೋಡು ಅಂದರು.

ಹೋದ ಚಳಿಗಾಲದಲ್ಲಿ ಲಕ್ಷ್ಮೇಶ್ವರಕ್ಕೆ ಸೀರೆ ಕೊಳ್ಳುವ ನೆಪ ಮಾಡಿಕೊಂಡು ಹೋದೆ. ಸೀರೆ ಯಾರಿಗೆ ಬೇಕಿತ್ತು? ಆ ಗಾಡಿ ಇದೆಯೋ ಇಲ್ಲವೋ ನೋಡಬೇಕಿತ್ತು. ಮಾಲೀಕ ತೀರಿಹೋಗಿದ್ದಾನೆ, ಅವನ ಮಗ ತಗಡಿನ ಶೆಡ್ಡು ತೆರೆದು ತೋರಿಸಿದ. ಸಿಂಹಾಸನದ ಮೇಲೆ ಕೋಳಿ ಕಾವಿಗೆ ಕೂತಿತ್ತು. “ಈಗ ಯಾರೂ ಇದನ್ನ ಕೇಳೂದಿಲ್ರೀ ಅಮ್ಮಾರ. ಮದಿಮಕ್ಕಳು ಟ್ರ್ಯಾಕ್ಟರ್ ಮ್ಯಾಲ ಕುಣಕೋತ ಬರ್ತಾರ. ನಿಮಗ್ಯಾಕ ಬೇಕು, ಮಮ್ಮಗನ ಮದಿವೇನು?” ಅಂದ. ನನಗೆ ಹೊಡೆಯಲಿಕ್ಕೆ ಅಂದೆ. ಆತ ನನ್ನ ಹಿಂದೆ ಯಾರಾದರೂ ಗಂಡಸರು ನಿಂತಿದ್ದಾರೇನೋ ಅಂತ ನೋಡಿದ. ನಿಮ್ಮ ಮನೆಯ ಗಂಡಸರ ಜೊತೆ ಮಾತಾಡಿ ಹೇಳುತ್ತೇನೆ ಅಂತ ಎರಡು ವಾರ ಕಾಯಿಸಿ, ಕೊನೆಗೆ ಬೇರೆ ಗಿರಾಕಿ ಸಿಗದೆ ನನಗೇ ಕೊಟ್ಟ.

ಬೆಟಗೇರಿಯ ದಾವಲಸಾಬ ಮಿಸ್ತ್ರಿ ಅದನ್ನು ಬಿಚ್ಚಿ ನೋಡಿದ ದಿನ ನೀನು ಇರಬೇಕಿತ್ತು. ಮುಪ್ಪಿನ ಮನುಷ್ಯ, ಬಾನೆಟ್ ಎತ್ತಿ ಅರ್ಧ ಗಂಟೆ ಬರೀ ನೋಡಿದ. ಆಮೇಲೆ, “ಇದಕ್ಕ ಬ್ಯಾನಿ ಏನ ಇಲ್ರೀ ಅಮ್ಮಾರ. ಬ್ಯಾಂಡಿನ ಹಿಂದ ನಡದು ನಡದು ಓಡೂದ ಮರತೈತಿ. ನಲವತ್ತು ವರ್ಷ ಮೊದಲನೇ ಗೇರಿನ್ಯಾಗ ಇಟ್ಟಾರ ಪಾಪ. ನೀವು ಕುಂತು ಹೊಡೀರಿ, ತಾನ ನೆನಪ ಮಾಡ್ಕೊಂತೈತಿ,” ಅಂದ. ಬಂಗಾರದ ಬಣ್ಣ ಕೆರೆದರೆ ಒಳಗೆ ತಿಳಿ ಹಸಿರು ಸಿಕ್ಕಿತು, ಎಳೆ ಜೋಳದ ಗರಿಯ ಬಣ್ಣ. ಟ್ರ್ಯಾಕ್ಟರುಗಳಿಗೆ ಟಾಪು ಹೊಲಿಯುವವನ ಹತ್ತಿರ ಮಡಚುವ ಹೊದಿಕೆ ಹೊಲಿಸಿದೆ, ಮಳೆ ಬಂದರೆ ಇರಲಿ ಅಂತ. ಬಾಗಿಲ ಮೇಲಿನ ‘ಮದುವೆಗಳಿಗೆ ವಿಚಾರಿಸಿ’ ಅನ್ನುವ ಅಕ್ಷರ ಮಾತ್ರ ಎಷ್ಟು ಉಜ್ಜಿದರೂ ಮಸುಕಾಗಿ ಉಳಿದುಕೊಂಡಿದೆ. ಶಿರಹಟ್ಟಿಯಿಂದ ಒಬ್ಬರು ಅದನ್ನು ಓದಿ ಮನೆ ಹುಡುಕಿಕೊಂಡು ಬಂದರು. ಅಪ್ಪ, ಅಣ್ಣ ಇಬ್ಬರೂ ಇದರಲ್ಲೇ ಮೆರೆದದ್ದಂತೆ, ತಮ್ಮನೂ ಇದರಲ್ಲೇ ಕೂರಬೇಕಂತೆ. ಚಹಾ ಕೊಟ್ಟು ಕಳಿಸಿದೆ.

ಮೊದಲ ಭಾನುವಾರ ಬೆಳಿಗ್ಗೆ ಮುಳಗುಂದದ ರಸ್ತೆಗೆ ಹೊರಟೆ. ಊರು ದಾಟುವವರೆಗೂ ಎರಡನೇ ಗೇರು ಬಿಡಲಿಲ್ಲ. ದಾಟಿದ ಮೇಲೆ ಮೂರನೇ ಗೇರು ಹಾಕಿದೆ, ನಾಲ್ಕನೆಯದು ಹಾಕಿದೆ. ಗಾಡಿ ಎರಡು ಸಲ ಕೆಮ್ಮಿ, ಒಮ್ಮೆಲೇ ಹಗುರಾಯಿತು. ಹೇಗೆ ಹೇಳಲಿ ನಿನಗೆ? ಎರಡೂ ಕಡೆ ಕಡಲೆ ಹೊಲ, ಇಬ್ಬನಿಗೆ ನೆನೆದ ಸೊಪ್ಪಿನ ಆ ಹುಳಿ ವಾಸನೆ ನೇರವಾಗಿ ಮುಖಕ್ಕೆ. ಮೇಲೆ ಏನೂ ಇಲ್ಲ, ಆಕಾಶವೇ. ಹಕ್ಕಿಯ ಸದ್ದು ಬರುತ್ತದೆ, ಹೊಲದಲ್ಲಿ ಯಾರೋ ಕೆಮ್ಮಿದ್ದು ಕೇಳುತ್ತದೆ. ತೆಳ್ಳನೆಯ ಸ್ಟೇರಿಂಗ್, ಎರಡು ಬೆರಳಿನಿಂದ ತಿರುವಿದರೆ ಮೂತಿ ತಿರುಗಿಸುತ್ತದೆ. ಅರವತ್ತೊಂದು ವಯಸ್ಸಿನಲ್ಲಿ ನಾನು ಒಬ್ಬಳೇ ಗಟ್ಟಿಯಾಗಿ ನಕ್ಕೆ ಅಕ್ಕಾ. ನಕ್ಕು, ‘ನೋಡಿದೇನು’ ಅನ್ನಲು ಎಡಕ್ಕೆ ತಿರುಗಿದೆ. ಸೀಟಿನ ಮೇಲೆ ನೀರಿನ ಬಾಟಲಿ ಹೊರಳಾಡುತ್ತಿತ್ತು. ಅಲ್ಲಿಂದ ಮುಂದೆ ಮುಳಗುಂದದವರೆಗೂ ಆ ಕಡೆ ನೋಡಲಿಲ್ಲ.

ತಿರುಗಿ ಬರುವಾಗ ಅಸುಂಡಿಯೊಳಗೆ ಹೋದೆ. ಆ ಗಾಡಿಯ ಮುಖ ಈ ಸೀಮೆಗೆಲ್ಲ ಪರಿಚಯ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು, ಹೆಂಗಸರು ಬಾಗಿಲಿಗೆ ಬಂದರು, ಎಲ್ಲರೂ ಹಿಂದಿನ ಸೀಟನ್ನು ನೋಡುವವರೇ. ಒಬ್ಬ ಮುದುಕ ಹತ್ತಿರ ಬಂದು ಬಗ್ಗಿ ನೋಡಿದ.

“ಮದಿಮಗ ಎಲ್ಲಿ ಉಳದಾನವಾ?”

“ಮದಿಮಗ ಇಲ್ಲ ಯಜ್ಜಾ. ನಾನ ಅಡ್ಡಾಡಾಕ ಬಂದೇನಿ.”

“ಒಬ್ಬಾಕಿನ?”

“ಒಬ್ಬಾಕಿನ.”

“ಯಾಕ?” ಅಂದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಹೊಡೆಯಲು ಖುಷಿಯಾಗುತ್ತದೆ ಅಂತ ಹೇಳಬಹುದಿತ್ತು. ಒಬ್ಬಳೇ ಯಾಕೆ ಅನ್ನುವುದಕ್ಕೆ ಏನು ಹೇಳಲಿ? ಸುಮ್ಮನೆ ಗೇರು ಹಾಕಿದೆ. ಹೀಗೆ ಎಷ್ಟೋ ಭಾನುವಾರ ಹೋದವು. ಓಣಿಯ ಹೆಂಗಸರನ್ನು ಬರ್ರಿ ಅಂತ ಕರೆದೆ. ನಗುತ್ತಾರೆ, ಬಾಗಿಲು ಮುಟ್ಟಿ ನೋಡುತ್ತಾರೆ, ಯಾರೂ ಹತ್ತುವುದಿಲ್ಲ. ಜನ ಏನಂತಾರ ಅನ್ನುತ್ತಾರೆ. ಅವರಿಗೆ ನಾನು ಯಾವ ಬಾಯಿಂದ ಬುದ್ಧಿ ಹೇಳಲಿ?

ಹತ್ತಿದವಳು ಒಬ್ಬಳೇ, ನಿನ್ನ ಸೊಸೆ ಕವಿತಾ. ಒಂದು ಭಾನುವಾರ ಉಪ್ಪಿನಕಾಯಿ ಕೊಡುವ ನೆಪದಲ್ಲಿ ಬಂದು ಅಂಗಳದಲ್ಲಿ ಗಾಡಿಯ ಸುತ್ತ ಎರಡು ಸಲ ತಿರುಗಿದಳು. “ಸಣ್ಣತ್ತಿ, ನನ್ನನ್ನೂ ಕರ್ಕೊಂಡ ಹೋಗ್ತೀರೇನ್ರಿ?” ಅಂದಳು. ಮರುವಾರ, “ನನಗ ಕಲಿಸ್ತೀರೇನ್ರಿ?” ಅಂದಳು. ಎರಡು ಮಕ್ಕಳ ತಾಯಿ, ಸ್ಟೇರಿಂಗ್ ಹಿಡಿದರೆ ನಾಲಿಗೆಯ ತುದಿ ಹೊರಗೆ ಬರುತ್ತದೆ. ನನಗಿಂತ ಬೇಗ ಕಲಿತಳು ಬಿಡು, ಹೊಲಕ್ಕೆ ಇಳಿಸಲಿಲ್ಲ. ಎಂಟು ಭಾನುವಾರ ನಾನು ಆ ಎಡಗಡೆಯ ಸೀಟಿನಲ್ಲಿ ಕೂತೆ. ಆರು ವರ್ಷದಲ್ಲಿ ನಾನು ವಾರ ಎಣಿಸಿದ್ದು ಆ ಎಂಟು ವಾರ ಮಾತ್ರ. ಸೋಮವಾರದಿಂದಲೇ ಭಾನುವಾರದ ದಾರಿ ನೋಡುತ್ತಿದ್ದೆ. ಅವಳು ನಿನ್ನ ಬಗ್ಗೆ ಮಾತಾಡುತ್ತಿದ್ದಳು. “ಇವರು ಅತ್ತಿ ಕೈಯಾಗಿನ ಚಾವಿ ಕಸಗೊಂಡ ದಿನದಿಂದ ನನಗ ಇವರ ಮ್ಯಾಲ ಮನಸ್ಸು ಸಮ ಇಲ್ರೀ,” ಅಂದಳು ಒಮ್ಮೆ. ನಾನು ರಸ್ತೆ ನೋಡಿದೆ. ಎದುರಿಗೆ ಬಸ್ಸು ಬರಾಕತ್ತೈತಿ, ಎಡಕ್ಕ ತಗೋ ಅಂದೆ. ಬಸ್ಸು ಇನ್ನೂ ಬಹಳ ದೂರವಿತ್ತು.

ಮಲ್ಲು ಬಂದದ್ದು ಒಂದು ಬುಧವಾರ. ಗಾಡಿಯ ಹತ್ತಿರವೇ ನಿಂತ, ಒಳಗೆ ಬರಲಿಲ್ಲ. ಗದರುತ್ತಾನೆ ಅಂದುಕೊಂಡಿದ್ದೆ. ಆತ ಮೆಲ್ಲಗೆ ಕೇಳಿದ, “ಚಿಗವ್ವ, ಅವ್ವನ್ನ ತಡಿ ಅಂದಾಕಿ ನೀನ. ಈಗ ನನ್ನ ಹೆಂಡ್ತಿಗೆ ಕಲಸಾಕತ್ತಾಕಿನೂ ನೀನ. ನನಗ ತಿಳೀವಲ್ದು.” ಆತ ಬಾಗಿಲ ಮೇಲಿನ ಮಸುಕು ಅಕ್ಷರಗಳ ಮೇಲೆ ಬೆರಳಾಡಿಸಿ, “ಅಂಜಬ್ಯಾಡ. ಕವಿತಾಗ ನಾ ಹೇಳಿಲ್ಲ, ಹೇಳೂದೂ ಇಲ್ಲ. ಅವ್ವಗೂ ಹೇಳಿರಲಿಲ್ಲ. ಆಕಿ ಕಲೀಲಿ,” ಅಂದು ಹೊರಟುಹೋದ. ನಿನ್ನ ಮಗ ಅಕ್ಕಾ. ನನಗಾಗಿ ಇಷ್ಟು ವರ್ಷ ಹೆಂಡತಿಯ ಕಣ್ಣಿನಲ್ಲಿ ತಾಯಿಯ ಚಾವಿ ಕಸಿದವನಾಗಿ ಇದ್ದುಬಿಟ್ಟಿದ್ದ.

ಆ ಬುಧವಾರದಿಂದ ಭಾನುವಾರದವರೆಗೆ ನಾನು ಯೋಚಿಸಿದ್ದು ಒಂದೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಕವಿತಾ ಬರುತ್ತಾಳೆ, ನಗುತ್ತಾಳೆ, ನನ್ನ ಪಕ್ಕ ಒಬ್ಬರಿರುತ್ತಾರೆ. ಹೇಳಿದರೆ ಆ ಸೀಟು ಮತ್ತೆ ಖಾಲಿ. ಈ ವಯಸ್ಸಿನಲ್ಲಿ ಇನ್ನೊಬ್ಬರು ಎಲ್ಲಿಂದ ಬರಬೇಕು ನನಗೆ? ನಾನು ಒಳ್ಳೆಯವಳಾಗಬೇಕು ಅಂತ ಹೇಳಲಿಲ್ಲ. ಗಂಡನ ಮೇಲಿನ ಆ ಹುಡುಗಿಯ ಸಿಟ್ಟು ನನ್ನದು, ನನ್ನ ಮೇಲೆ ಬರಬೇಕಾದದ್ದು. ಅದನ್ನು ಮಲ್ಲುವಿನ ತಲೆಗೆ ಕಟ್ಟಿ ನಾನು ಗಾಳಿ ತಿನ್ನುತ್ತ ಹೇಗೆ ಕೂರಲಿ?

ಮುಳಗುಂದ ಇನ್ನೂ ಅರ್ಧ ಮೈಲಿ ಇರುವಾಗ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸು ಅಂದೆ. ಹೇಳಿದೆ. ಅಂಗಡಿಗೆ ಹೋದದ್ದು, ಮುಂಡರಗಿಯ ಬೀಗರು, ನನ್ನ ಹೆಸರು ಹೇಳಬೇಡ ಅಂದದ್ದು, ಆಮೇಲೆ ನಿನ್ನೆದುರು ಚಹಾ ಸೋಸುತ್ತ ಸುಳ್ಳು ಹೇಳಿದ್ದು, ಎಲ್ಲ. ಕವಿತಾ ಎಂಜಿನ್ ಬಂದ್ ಮಾಡಿದಳು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಕೂತಿದ್ದಳು.

“ಇಷ್ಟ ವರ್ಷ ನಾ ಅವರ ಜೋಡಿ...” ಅಂದಳು, ಮುಗಿಸಲಿಲ್ಲ. ಆಮೇಲೆ, ನನ್ನ ಕಡೆ ನೋಡದೆ, “ಅತ್ತಿ ದವಾಖಾನ್ಯಾಗ ಕಡೀ ಎರಡ ದಿನ ಏನ ಬಡಬಡಸ್ತಿದ್ರು ಗೊತ್ತೈತೇನ್ರಿ ನಿಮಗ?” ಅಂದಳು.

ನನಗೆ ಗೊತ್ತಿರಲಿಲ್ಲ.

“ಗಿರಿಜಾ ಗಾಡಿ ತರಾಕ ಹೋಗ್ಯಾಳ ಅಂತಿದ್ರು. ಬಂದಳೇನು ನೋಡ್ರಿ ಅಂತಿದ್ರು. ನಾವು ಸುಮ್ಮನ ಮಲಗ್ರಿ ಅಂದ್ರ, ಆಕಿ ಕೆಳಗ ಬಂದು ಹಾರ್ನ್ ಹೊಡಿತಾಳ, ನೀವು ಮಾತಾಡಿದ್ರ ನನಗ ಕೇಳಸೂದಿಲ್ಲ ಅಂತಿದ್ರು. ನೀವು ಅಳತೀರಿ ಅಂತ ನಾ ನಿಮಗ ಹೇಳಿರಲಿಲ್ಲ.”

ಚಾವಿಯನ್ನು ಸೀಟಿನ ಮೇಲಿಟ್ಟು ಇಳಿದಳು. ಮುಳಗುಂದದ ಬಸ್ ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು. ನಾನು ಈ ಕಡೆಗೆ ಸರಿದು ಕೂತು, ಮೊದಲನೇ ಗೇರಿನಲ್ಲಿ ಅವಳ ಹಿಂದೆ ಹೋದೆ. ನಡಿಗೆಯ ವೇಗ ಆ ಗಾಡಿಗೆ ಹೊಸದೇನಲ್ಲ. ಅವಳು ತಿರುಗಿ ನೋಡಲಿಲ್ಲ. ಬಸ್ಸು ಬಂತು, ಹತ್ತಿದಳು. ನಾನು ಅದರ ಹಿಂದೆಯೇ ಗದಗಿನವರೆಗೆ ಬಂದೆ, ಹೊಗೆ ಕುಡಿಯುತ್ತ.

ಅದಾಗಿ ಮೂರು ಭಾನುವಾರ ಕಳೆದಿವೆ. ಮೂರೂ ಭಾನುವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿದ್ದೇನೆ. ಒಂದೇ ಸಲ ಹಾರ್ನ್ ಹೊಡೆಯುತ್ತೇನೆ, ಹತ್ತು ನಿಮಿಷ ಕಾಯುತ್ತೇನೆ, ಹೋಗುತ್ತೇನೆ. ಮೊದಲ ಸಲ ಕಿಟಕಿಯ ಪರದೆ ಕೂಡ ಅಲುಗಲಿಲ್ಲ. ಎರಡನೇ ಸಲ ಮಲ್ಲು ಹೊರಗೆ ಬಂದ. ಮುಖ ನಿದ್ದೆಗೆಟ್ಟಿತ್ತು, ಆದರೂ ಏನೋ ಭಾರ ಇಳಿದವನ ಹಾಗಿದ್ದ. “ಆಕಿ ಬರೂದಿಲ್ಲ ಅಂತಾಳ ಚಿಗವ್ವ. ಒಳಗ ಬಾ, ಚಾ ಕುಡದ ಹೋಗು,” ಅಂದ. “ಇರಲಿ ಬಿಡಪಾ. ನಾ ಆಕಿನ್ನ ಕರ್ಯಾಕಷ್ಟ ಬಂದಿಲ್ಲ,” ಅಂದೆ. ಆತನಿಗೆ ತಿಳಿಯಿತೋ ಇಲ್ಲವೋ, ಗೇಟು ಹಿಡಿದುಕೊಂಡು ನನ್ನ ಹತ್ತು ನಿಮಿಷ ಮುಗಿಯುವವರೆಗೂ ಅಲ್ಲೇ ನಿಂತಿದ್ದ. ಹೋದ ವಾರ ಯಾರೂ ಹೊರಗೆ ಬರಲಿಲ್ಲ.

ನಾಳೆ ಮತ್ತೆ ಭಾನುವಾರ. ಕವಿತಾ ಬಂದರೆ ಚಾವಿ ಅವಳ ಕೈಗೆ ಕೊಡುತ್ತೇನೆ, ಬರದಿದ್ದರೆ ಒಬ್ಬಳೇ ಹೋಗುತ್ತೇನೆ. ಕೈಲಾಗುವವರೆಗೂ ಪ್ರತಿ ಭಾನುವಾರ ಬರುತ್ತೇನೆ. ಓಣಿಯಲ್ಲಿ ಬೆಳಗಿನ ಹೊತ್ತು ಬೇರೆ ಸದ್ದಿರುವುದಿಲ್ಲ. ಏಳು ಗಂಟೆಗೆ, ನಿನ್ನ ಬಾಗಿಲ ಮುಂದೆ, ಒಂದೇ ಒಂದು ಸಲ ಹೊಡೆಯುತ್ತೇನೆ. ನೀನು ಕೇಳಿಸಿಕೋ ಅಕ್ಕಾ.

ತಡ ಮಾಡಿ ಬಂದ,
ಗಿರಿಜಾ